ಲಾರಿಯೋನನ ಬಾವಿ, ಸಫ್ತಾಳ ಜೋಳ

ಪ್ರೂತ್ ಹೊಳೆಯ ದಡದ ಆ ಊರಲ್ಲಿ ಸಫ್ತಾ ಬೆಳೆದಷ್ಟು ಎತ್ತರದ ಮುಸುಕಿನ ಜೋಳವನ್ನು ಯಾರೂ ಬೆಳೆದವರಿಲ್ಲ. ಹಾಗಂತ ಅವಳೇ ಹೇಳಿಕೊಂಡು ತಿರುಗುತ್ತಿದ್ದಳು. ಗುಟ್ಟೇನಿಲ್ಲ. ಗೊಬ್ಬರದ ಚೀಲದ ಮೇಲೆ ಒಂದು ಹಿಡಿ ಅಂತ ಬರೆದಿದ್ದರೆ ಇವಳದು ಎರಡು ಹಿಡಿ. ಸಾರಿಗೆ ಉಪ್ಪು ಹಾಕುವಾಗಲೂ ಅವಳ ಕೈ ಹಾಗೇ.

"ಬಾವಿ ಹತ್ರಾನಾದ್ರೂ ಕೈ ಬಿಗಿ ಹಿಡಿಯೇ. ಮಣ್ಣು ಎಷ್ಟೂಂತ ತಿಂದೀತು? ಮಿಕ್ಕಿದ್ದು ಕೆಳಕ್ಕೇ ಇಳಿಯೋದು," ಅನ್ನುತ್ತಿದ್ದ ಗಂಡ ಲಾರಿಯೋನ್. ಮನೆಮುಂದೆ, ಹೊಲದಂಚಿನಲ್ಲಿದ್ದ ಆ ಬಾವಿಯನ್ನು ಮದುವೆಯಾದ ವರ್ಷ ಅವನೇ ತೋಡಿದ್ದ.

"ಬಾವಿ ನಿಂದು, ಜೋಳ ನಂದು. ಸುಮ್ನೆ ಉಣ್ಣು."

ಈಸ್ಟರ್ ಕಳೆದ ಮೇಲೆ ಲಾರಿಯೋನ್ ತೀರಿಹೋದ. ಸತ್ತವನಿಗೆ ಆ ಲೋಕದಲ್ಲಿ ಬಾಯಾರಬಾರದು ಅನ್ನುವುದು ಊರಿನ ನಂಬಿಕೆ. ಅದಕ್ಕೆ ದಿನಾ ಬೆಳಿಗ್ಗೆ ಮನೆಯ ಬಾವಿ ನೀರು ಹೊತ್ತು ನೆರೆಮನೆಯವರಿಗೆ ಕುಡಿಸಬೇಕು. ಅವರು ಕುಡಿದದ್ದು ಅವನಿಗೆ ಮುಟ್ಟುತ್ತದೆ. ಸಫ್ತಾ ಕರಿ ವಸ್ತ್ರ ತಲೆಗೆ ಕಟ್ಟಿ, ಹೂಜಿ ಹಿಡಿದು, ನೆರೆಯ ಕತಿಂಕಳ ಬಾಗಿಲಿಗೆ ಹೋದಳು. ಕತಿಂಕಳ ಮಡಿಲಲ್ಲಿ ಮೊಮ್ಮಗು.

"ಒಳಗೆ ಬಾ ಸಫ್ತಕ್ಕ. ನೀರು ಮಾತ್ರ ಹೊರಗಿಡು."

"ಯಾಕೇ?"

"ಬಾವಿ ಪರೀಕ್ಷೆಯೋನು ಬಂದಿದ್ದ. ಸಾವಿನ ಮನೆ ಅಂತ ನಿಂಗೆ ಹೇಳದೆ ನಂಗೆ ಹೇಳಿಹೋದ. ನಿಮ್ಮ ನೀರಿಗೆ ಗೊಬ್ಬರ ಇಳಿದಿದೆಯಂತೆ. ಕೂಸಿಗೆ ಕೊಟ್ರೆ ಮೈ ನೀಲಿಗಟ್ತದಂತೆ. ನಿನ್ನ ಜೋಳದ ಹಾಗೆ ನಂಗೂ ಕುಡಿಸಿ ತೆನೆ ಬರಿಸ್ಬೇಕು ಅಂತಿದ್ದೀಯಾ?"

ಸಫ್ತಾಳಿಗೆ ನಗು ಬಂತು. ಅದರ ಹಿಂದೇ ಅಳು. ಬದುಕಿದ್ದಾಗ ಅವನ ಮಾತು ಕೇಳಲಿಲ್ಲ, ಸತ್ತ ಮೇಲೆ ಅವನಿಗೆ ಅವನ ಬಾವಿಯ ನೀರೂ ಇಲ್ಲ. ಎಂಥಾ ಹೆಂಡತಿ.

ಮಾರನೆಯ ದಿನದಿಂದ ಗುಡ್ಡದ ಒರತೆಯಿಂದ ನೀರು ಹೊತ್ತಳು. "ಮನೆಮುಂದೆ ಬಾವಿ ಇಟ್ಕೊಂಡು ಗುಡ್ಡ ಹತ್ತೋಳು ಊರಲ್ಲಿ ನಾನೊಬ್ಳೇ. ನಗು, ನಗು," ಅಂತ ದಾರಿಯುದ್ದಕ್ಕೂ ಸತ್ತ ಗಂಡನ ಜೊತೆ ಮಾತು.

ಆ ವರ್ಷ ಬಾವಿಯ ಸುತ್ತ ಗೊಬ್ಬರ ಹಾಕುವುದು ನಿಂತಿತು. ಅಲ್ಲಿ ಮೇವಿನ ಹುಲ್ಲು ಬಿತ್ತಿದಳು. ಉಳಿದ ಕಡೆ ಮಣ್ಣು ಪರೀಕ್ಷೆ ಮಾಡಿಸಿ, ಪರೀಕ್ಷೆಯವರು ಹೇಳಿದಷ್ಟೇ ಹಾಕಿದಳು. ಕೈ ಮಾತ್ರ ಚೀಲದ ಕಡೆಗೆ ತಾನಾಗೇ ಹೋಗುತ್ತಿತ್ತು. ಎಡಗೈಯಿಂದ ಹಿಡಿದೆಳೆಯುತ್ತಿದ್ದಳು.

ಜೋಳ ಅವಳ ಭುಜ ದಾಟಲಿಲ್ಲ.

"ಏನಕ್ಕ, ನಿನ್ನ ಜೋಳ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದೆ?" ಬೇಲಿಯಾಚೆಯಿಂದ ಕತಿಂಕ.

"ನನ್ನ ಪಾಪಕ್ಕೆ ಕಣೇ. ನಾನೇ ಊರಿದ್ರೆ ಮತ್ತೆ ಏಳೋಕಾಗಲ್ಲ."

ವರ್ಷದ ತಿಥಿಯ ಹೊತ್ತಿಗೆ ಪರೀಕ್ಷೆಯವನು ಮತ್ತೆ ಬಂದ. ನೀರಲ್ಲಿ ಗೊಬ್ಬರ ಸ್ವಲ್ಪ ಕಡಿಮೆಯಾಗಿದೆ, ಪೂರ್ತಿ ಸರಿಹೋಗಲು ವರ್ಷಗಟ್ಟಲೆ ಬೇಕು ಅಂದ.

ಸಫ್ತಾ ಒರತೆ ನೀರು ತಗೊಂಡು ಗೋರಿಗೆ ಹೋದಳು.

"ಸದ್ಯಕ್ಕೆ ಇದನ್ನೇ ಕುಡಿ. ನಿನ್ನ ಬಾವಿ ನೀರನ್ನ ಒಂದು ಕೂಸಿಗೆ ಕುಡಿಸೋವರೆಗೂ ನಾನು ಸಾಯೋ ಹಾಗಿಲ್ಲ. ಎರಡು ಹಿಡಿ ಹಾಕ್ದೋಳು ನಾನೇ ತಾನೇ. ಬರೋದು ತಡ ಆಗ್ತದೆ, ಕಾಯ್ಬೇಡ."