ಮಾಳಿಗೆಯ ಮಣ್ಣು ಗೋಡೆಗೆ

ನಾಗಲದಿನ್ನೆಯ ಗಿಡ್ಡಮ್ಮ ಮಣ್ಣನ್ನು ನಾಲಿಗೆಗೆ ಹಚ್ಚಿ ಗುರುತಿಸುತ್ತಿದ್ದಳು. ಉಪ್ಪಾಗಿದ್ದರೆ ಅದು ಚೌಡು; ಮನೆಯ ಚಪ್ಪಟೆ ಸೂರಾದ ಮಾಳಿಗೆಯ ಮೇಲೆ ಗೇಣು ದಪ್ಪ ಹರಡಿದರೆ ಮಳೆ ಕೆಳಗಿಳಿಯದು. ಸಪ್ಪಗಿದ್ದರೆ ಗೋಡೆಗೆ. ಗಂಡ ಸತ್ತ ಮೇಲೆ ಊರೂರು ತಿರುಗಿ ಮಾಳಿಗೆ ಹಾಕಿ ಮಗಳು ಜಯಕ್ಕನನ್ನು ಬೆಳೆಸಿದ್ದು ಈ ವಿದ್ಯೆಯಿಂದಲೇ.

೧೯೮೨ರಲ್ಲಿ ಹೈದರಾಬಾದಿನ ಒಂದು ವಾಸ್ತುಶಿಲ್ಪ ಸಂಸ್ಥೆ ಹೊಳೆದಂಡೆಯ ಹನ್ನೆರಡು ಬಡ ಕುಟುಂಬಗಳಿಗೆ ಮನೆ ಕಟ್ಟಲು ಬಂತು. ಊರಿನ ಮಣ್ಣು, ಊರಿನ ಕೈ, ಕಡಿಮೆ ಸಿಮೆಂಟು ಅವರ ಪದ್ಧತಿ. ಹಳಬರನ್ನು ಕೇಳಿಯೇ ಕಟ್ಟಬೇಕೆಂಬ ನಿಯಮವೂ ಇತ್ತು. ಸಂಸ್ಥೆಯ ಎಂಜಿನಿಯರ್, ಮಂತ್ರಾಲಯದ ಆಚಾರ್ಯರ ಮನೆತನದ ವಾಸುದೇವ, ಗಿಡ್ಡಮ್ಮನನ್ನು ಕೇಳಿದ.

"ನೀರು ಇಳೀಲಾರದ ಮಣ್ಣು ಯಾವುದವ್ವ?"

"ಚೌಡು."

ಅವನು ಬರೆದುಕೊಂಡ. ಎಲ್ಲಿಗೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಚೌಡು ಅಂದರೆ ಮಾಳಿಗೆಗೆ. ಆ ಊರಲ್ಲಿ ಅದನ್ನು ಬಿಡಿಸಿ ಹೇಳುವವರಿಲ್ಲ.

ಆದೋನಿ ಕಡೆ ಕೆಲಸಕ್ಕೆ ಹೋದವಳು ಎರಡು ತಿಂಗಳ ಮೇಲೆ ಬಂದಾಗ ಗೋಡೆಗಳು ಎದ್ದಿದ್ದವು. ನಾಲ್ಕನೆಯ ಮನೆ ಜಯಕ್ಕನದು. ಗಿಡ್ಡಮ್ಮ ವಾಸುದೇವನ ಎದುರಿಗೇ ಸುಡದ ಮಣ್ಣಿನಿಟ್ಟಿಗೆಯ ಚೂರೊಂದನ್ನು ಬಾಯಿಗಿಟ್ಟು ಉಗುಳಿದಳು.

"ಏನ್ ಮಾಡೀರಿ ಆಚಾರ್ರ! ತಲಿ ಮ್ಯಾಗಿಂದು ತಂದು ಕಾಲಾಗ ಹಾಕೀರಲ್ಲ. ಕೆಳಗಿನ ತ್ಯಾವ ಹತ್ತಿದ್ರ ಚೌಡಿನ ಉಪ್ಪು ಗೋಡಿ ತಿಂತೈತಿ."

"ನೀನ ಹೇಳಿದ್ದಿಯಲ್ಲವ್ವ. ಸಿಮೆಂಟ್ ಬೆರ್ಸೀವಿ. ಒಂದು ದಿನ ನೀರಾಗಿಟ್ಟು ನೋಡೀವಿ, ಕರಗಿಲ್ಲ."

"ಮೊದಲ್ನೇ ದಿನ ಸೊಸಿನೂ ತಣ್ಣಗ ಇರ್ತಾಳ್ರಿ."

ಮಳೆಗಾಲದಲ್ಲಿ ಗೋಡೆಗಳ ಬುಡ ಬೆಳ್ಳಗಾಯಿತು. ಜಯಕ್ಕ ಒರೆಸಿದಳು, ಮರುದಿನ ಮತ್ತೆ ಬೆಳ್ಳಗೆ. ಆಗಸ್ಟಿನ ಒಂದು ಮಧ್ಯಾಹ್ನ ಗಿಡ್ಡಮ್ಮ ಮಗಳ ಮನೆಯ ಗೋಡೆಗೆ ಒತ್ತಿದ ಬೆರಳು ಎರಡು ಗೆಣ್ಣು ಒಳಗೆ ಹೋಯಿತು. ಆ ಗೋಡೆಯ ಪಕ್ಕದಲ್ಲೇ ಮೊಮ್ಮಗಳ ತೊಟ್ಟಿಲಿತ್ತು.

"ನಡಿ, ನನ್ ಮನಿಗೆ."

"ಬಿಟ್ ಹೋದ್ರ ಮನಿ ಕೊಡೋ ಪಟ್ಟಿಯಾಗ ಹೆಸರು ಹೊಡೀತಾರಂತ. ಗೋಡಿ ನಿಂತೈತಲ್ಲ ಯವ್ವ!"

ವಾಸುದೇವನನ್ನು ಕರೆಸಿದರು. ಅವನು ಕುಕ್ಕರಗಾಲಲ್ಲಿ ಕೂತು ಬುಡ ಮುಟ್ಟಿದ.

"ಬುಡ ಬೆಳ್ಳಗಾದಾಗ್ಲೇ ಹೈದರಾಬಾದಿಗೆ ಬರ್ದಿದ್ದೆ. ಮಳಿ ನಿಂತ ಮ್ಯಾಲ ಬಂದು ನೋಡ್ತಾರಂತ."

"ಅಷ್ಟೊತ್ತಿಗೆ ನೋಡಾಕ ಏನ್ ಉಳಿದಿರ್ತೈತ್ರಿ?"

ಗಿಡ್ಡಮ್ಮ ಕೂಸನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು, ತಿರುಗಿ ನೋಡದೆ ತುಂತುರಿನಲ್ಲಿ ನಡೆದಳು. ಜಯಕ್ಕ ಬೈಯುತ್ತ ಹಿಂದೆ ಓಡಿದಳು.

ಸಂಜೆ ವಾಸುದೇವ ಮನೆ ಬಿಡಿರೆಂದು ಉಳಿದ ಹನ್ನೊಂದು ಬಾಗಿಲು ತಟ್ಟಿದ. ಹೆಸರು ಹೋದೀತೆಂದು ಯಾರೂ ಹೊರಬರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದಿತ್ತು. ಮಳೆ ಜೋರಾಯಿತು.