ಒಂಬತ್ತು ಹಾಳೆಯ ಗುರುಪುತ್ರಪ್ಪ

ನಾನು ದೂರದ ವಿಚಾರ ಮಾಡುವವನು ಎಂಬ ನಂಬಿಕೆ ನನಗೆ ಇಪ್ಪತ್ತೆರಡನೆಯ ವಯಸ್ಸಿಗೇ ಬಂದಿತ್ತು. ಆಗ ನಾನು ಬೆಳಗಾವಿಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಹಂಗಾಮಿ ಟೈಪಿಸ್ಟ್. ಮೂರು ತಿಂಗಳಿಗೊಮ್ಮೆ ನನ್ನ ನೇಮಕದ ಆದೇಶವನ್ನು ನಾನೇ ಟೈಪು ಮಾಡಿ ಪ್ರಿನ್ಸಿಪಾಲರ ಸಹಿಗೆ ಇಡುತ್ತಿದ್ದೆ. ಮೂರು ತಿಂಗಳ ಆಚೆ ಏನೂ ಕಾಣದ ಮನುಷ್ಯ ತನ್ನನ್ನು ದೂರದರ್ಶಿ ಎಂದು ತಿಳಿದುಕೊಂಡದ್ದಕ್ಕೆ ಒಂದು ಶಿಬಿರ ಕಾರಣ. ಆದರೆ ಅದರಿಂದ ಹಾಳಾದವನು ನಾನಲ್ಲ. ಹಾಳಾದವರು ಗುರುಪುತ್ರಪ್ಪನವರು.

ಗುರುಪುತ್ರಪ್ಪನವರು ನಮ್ಮ ಸಂಸ್ಥೆಯ ಖಾನಾಪುರ ಶಾಖೆಯ ಹೆಡ್ ಕ್ಲಾರ್ಕ್. ಹೆಡ್ ಎಂದರೂ ಅವರ ಕೈಕೆಳಗೆ ಇನ್ನೊಬ್ಬ ಕ್ಲಾರ್ಕ್ ಇರಲಿಲ್ಲ. ಕಸ ಹೊಡೆದು, ನೀರು ತುಂಬಿ, ಗಂಟೆ ಬಾರಿಸುವ ಭರಮವ್ವ ಒಬ್ಬಳಿದ್ದಳು. 1969ರಲ್ಲಿ ಒಂದು ಮುಚ್ಚಿದ ಹಂಚಿನ ಕಾರ್ಖಾನೆಯಲ್ಲಿ ಶಾಖೆ ಶುರುವಾದ ದಿನ ಬಾಗಿಲ ಕೀಲಿ ತೆಗೆದವರು ಅವರೇ. ಹುಟ್ಟಿದ್ದು ಬೀಡಿ ಎಂಬ ಊರಿನಲ್ಲಿ, ತಂದೆಯದು ಎಣ್ಣೆಯ ಗಾಣ. ಮ್ಯಾಟ್ರಿಕ್ ಪಾಸಾದ ವರ್ಷ ಹತ್ತಿರದಲ್ಲಿ ಎಲ್ಲೂ ಕಾಲೇಜಿರಲಿಲ್ಲವೆಂದು ಓದು ಅಲ್ಲಿಗೇ ನಿಂತಿತ್ತು. ಆ ಮಾತನ್ನು ಅವರು ದುಃಖದಿಂದ ಹೇಳುತ್ತಿರಲಿಲ್ಲ. ಬಸ್ಸು ತಪ್ಪಿತು ಎಂದು ಹೇಳುವ ಹಾಗೆ ಹೇಳುತ್ತಿದ್ದರು.

ಅವರಿಗೆ ಒಂದು ಚಟವಿತ್ತು. ವಿದ್ಯಾರ್ಥಿಗಳ ರಿಜಿಸ್ಟರಿನಲ್ಲಿ ಹೆಸರು, ಜನ್ಮತಾರೀಖು, ಜಾತಿ ಎಲ್ಲ ಮುಗಿದ ಮೇಲೆ ಉಳಿಯುವ ಅಂಚಿನಲ್ಲಿ ಕೆಂಪು ಶಾಯಿಯಿಂದ ತಾವೇ ಒಂದು ಗೆರೆ ಎಳೆದು, ಮೇಲೆ ‘ಬರುವ ದಾರಿ’ ಎಂದು ಬರೆದಿದ್ದರು. ಒಬ್ಬೊಬ್ಬರ ಮುಂದೆಯೂ ‘ಲೋಂಡಾ ರೈಲು’, ‘ಜಾಂಬೋಟಿ ಬಸ್ಸು’, ‘ನಡಿಗೆ, ಹಳ್ಳ ದಾಟಿ’ ಎಂದು ಇರುತ್ತಿತ್ತು. ತಪಾಸಣೆಗೆ ಬಂದವರು ಇದೇನು ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ, ಸಂಬಳ ಖಾಯಂ ಇದ್ದವರಿಗಿಂತ ಜೋರಾಗಿ.

1981ರ ಆಗಸ್ಟಿನಲ್ಲಿ ಶಿಬಿರವಾಯಿತು. ಕಾಲೇಜಿನ ಸಿಬ್ಬಂದಿಗೆ ‘ಸ್ಟ್ರಾಟೆಜಿಕ್ ಥಿಂಕಿಂಗ್’ ಕಲಿಸಲು ಪುಣೆಯಿಂದ ಒಬ್ಬ ತಜ್ಞರನ್ನು ಕರೆಸಿದ್ದರು. ಅವರು ಮಾತಾಡಿದ್ದು ಮರಾಠಿಯಲ್ಲಿ, ಬೋರ್ಡಿನ ಮೇಲೆ ಬರೆದದ್ದು ಇಂಗ್ಲಿಷಿನಲ್ಲಿ, ನಾವು ತಿಳಿದುಕೊಂಡದ್ದು ಕನ್ನಡದಲ್ಲಿ. ಮೂರು ದಿನದಲ್ಲಿ ಆ ವಿದ್ಯೆಗೆ ನಮ್ಮವರು ‘ದೂರದ ವಿಚಾರ’ ಎಂದು ಹೆಸರಿಟ್ಟರು.

ಮೊದಲ ದಿನ ತಜ್ಞರು ಕೇಳಿದರು: ಇನ್ನು ಹತ್ತು ವರ್ಷಕ್ಕೆ ನಿಮ್ಮ ಕಾಲೇಜು ಎಲ್ಲಿರುತ್ತದೆ?

ಪ್ರಯೋಗಶಾಲೆಯ ಬೀರಣ್ಣ ಎದ್ದು ನಿಂತ. “ಇಲ್ಲೇ ಇರ್ತೈತ್ರಿ ಸರ. ಎಲ್ಲಿ ಹೊಕ್ಕೈತಿ?”

ಎಲ್ಲರೂ ನಕ್ಕರು. ಗುರುಪುತ್ರಪ್ಪನವರು ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಪ್ರಶ್ನೆಯನ್ನು ಹಾಗೆಯೇ ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು.

ಎರಡನೆಯ ದಿನ ಪ್ರತಿಯೊಬ್ಬರೂ ತಮ್ಮ ವಿಭಾಗದ ಕೊರತೆ ಬರೆಯಬೇಕಾಗಿತ್ತು. ನಮ್ಮವರು ‘ಚೇರ್ಮನ್ನರ ಮಾರ್ಗದರ್ಶನ ಇನ್ನೂ ಹೆಚ್ಚು ಸಿಗಬೇಕು’ ಎಂಬಂಥ ಕೊರತೆಗಳನ್ನು ಬರೆದು ಕೊಟ್ಟರು. ಗುರುಪುತ್ರಪ್ಪನವರು ಮಾತ್ರ ಕೈಯೆತ್ತಿದರು.

“ಸರ, ಖರೇ ಕೊರತಿ ಬರದ್ರ, ಅದನ್ನ ಯಾರ ಓದ್ತಾರ್ರಿ?”

“ಅದನ್ನು ಸರಿಪಡಿಸಬಲ್ಲವರು ಓದುತ್ತಾರೆ” ಎಂದರು ತಜ್ಞರು.

ಐವತ್ತು ದಾಟಿದ ಮನುಷ್ಯ ಈ ಮಾತನ್ನು ನಂಬಿದರು. ನಾನು ಇನ್ನೂ ಕೆಟ್ಟದ್ದನ್ನು ನಂಬಿದೆ. ಮೂರನೆಯ ದಿನ ತಜ್ಞರು ಹೇಳಿದ್ದರು: ದೊಡ್ಡವರಿಗೆ ಹೊತ್ತಿರುವುದಿಲ್ಲ, ನಿಮ್ಮ ವಿಚಾರ ಒಂದು ಹಾಳೆಯಲ್ಲಿ ಹಿಡಿಯಬೇಕು. ಅದನ್ನು ನಾನು ಹೊಸ ಅಂಗಿಯಂತೆ ತೊಟ್ಟುಕೊಂಡು ಓಡಾಡಿದೆ.

ಶಿಬಿರದ ನಂತರ ಎಲ್ಲರೂ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಲು ಕೊಟ್ಟರು. ಗುರುಪುತ್ರಪ್ಪನವರು ರಿಜಿಸ್ಟರುಗಳನ್ನು ಕೆಳಗಿಳಿಸಿದರು. 1976ರಲ್ಲಿ ಇನ್ನೂರಾ ಹನ್ನೆರಡು ಮಕ್ಕಳಿದ್ದ ಶಾಖೆಯಲ್ಲಿ ಈಗ ನೂರಾ ಮೂವತ್ತೊಂದು. ಹುಡುಗರು ಹೇಗೋ ಬೆಳಗಾವಿಗೆ ಹೋಗಿಬಿಡುತ್ತಿದ್ದರು. ನಲವತ್ತೊಂದು ಹುಡುಗಿಯರಿಗೆ ಈ ಹಂಚಿನ ಕಾರ್ಖಾನೆ ಬಿಟ್ಟರೆ ಬೇರೆ ಕಾಲೇಜೇ ಇರಲಿಲ್ಲ. ಶಾಖೆ ಉಳಿಯಬೇಕಾದದ್ದು ಅವರಿಗಾಗಿ.

ಭಾನುವಾರಗಳಂದು ಅವರು ಹಳ್ಳಿ ಸುತ್ತತೊಡಗಿದರು. ಬರೆದುಕೊಳ್ಳಲು ಎರಡು ಸಲ ನನ್ನನ್ನೂ ಕರೆದೊಯ್ದರು. ಜಾಂಬೋಟಿ ರಸ್ತೆಯಿಂದ ಒಳಗೆ ಎರಡು ಮೈಲು ನಡೆದು ಹೋಗಬೇಕಾದ ಒಂದು ಊರಿನಲ್ಲಿ ಹೀರಾಬಾಯಿ ಎಂಬ ಹುಡುಗಿಯ ಮನೆಯಿತ್ತು. ಮೊದಲ ವರ್ಷದಲ್ಲಿ ಒಳ್ಳೆಯ ಅಂಕ, ಎರಡನೆಯ ವರ್ಷ ಹಾಜರಿ ಕಡಿಮೆಯೆಂದು ಪರೀಕ್ಷೆಗೆ ಕೂರಿಸಿರಲಿಲ್ಲ. ಅವಳ ತಾಯಿ ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಮೊರ ಕೆಳಗಿಡದೆ ಮಾತಾಡಿದಳು. ಮನೆಮಾತು ಮರಾಠಿಯಾದರೂ ನಮಗಾಗಿ ಕನ್ನಡಕ್ಕೆ ತಿರುಗಿದಳು.

“ಹಾಜರಿ ಕಡಿಮಿ ಅಂತೀರಲ್ರಿ ಸಾಹೇಬ್ರ, ಹುಡುಗಿ ಐದಕ್ಕ ಎದ್ದು ಮನಿಗೆಲಸ ಮುಗಿಸಿ ಹೊಕ್ಕಾಳ. ಬಸ್ ನಿಮ್ಮ ಊರ ಮುಟ್ಟೂದ ಹನ್ನೊಂದೂ ಮುಕ್ಕಾಲಿಗೆ. ಆಮ್ಯಾಲ ನಾಕೂ ಕಾಲರ ಬಸ್ಸಿಗೆ ಹೊಳ್ಳಿ ಬರಬೇಕು. ಹಿಂದಿಂದೂ ಹೊಕ್ಕೈತಿ, ಮುಂದಿಂದೂ ಹೊಕ್ಕೈತಿ. ನಡುವಿಂದ ಏನ ಉಳಿತೈತಿ ಅದನ್ನ ಕಲಿತಾಳ.”

 ಬಸ್ಸು ಕಾಯುವಾಗ ಗುರುಪುತ್ರಪ್ಪನವರು ಕೇಳಿದರು.

“ತಮ್ಮಾ ಸಿದರಾಯ, ನಮ್ಮ ಕಾಲೇಜು ಹತ್ತೂವರಿಗೆ ಯಾಕ ಚಾಲೂ ಆಕ್ಕೈತಿ?”

“ಎಲ್ಲಾ ಕಾಲೇಜೂ ಹಂಗ ಅಲ್ಲೇನ್ರಿ ಸರ್ರ?”

“ಅಲ್ಲ. ಮಾಸ್ತರು ಬೆಳಗಾವಿಯಿಂದ ಬರೂ ರೈಲು ಹತ್ತಕ್ಕ ಐತಿ. ಹೋಗೂ ರೈಲು ಐದೂ ಇಪ್ಪತ್ತಕ್ಕ. ಹನ್ನೆರಡ ವರ್ಷ ಆತು, ನಾವು ಕಾಲೇಜ ನಡಸಾಕ ಹತ್ತಿಲ್ಲ. ಎರಡ ರೈಲಿನ ನಡುವಿನ ಹೊತ್ತ ತುಂಬಾಕ ಹತ್ತೀವಿ.”

ಅಲ್ಲಿಂದ ಮುಂದೆ ಲೆಕ್ಕ ಸರಳವಿತ್ತು. ಊಟದ ಒಂದು ತಾಸು, ಸುಮ್ಮನೆ ಖಾಲಿ ಬಿಟ್ಟ ಒಂದೂವರೆ ತಾಸು ತೆಗೆದರೆ, ಹನ್ನೆರಡಕ್ಕೆ ಶುರುಮಾಡಿ ನಾಲ್ಕಕ್ಕೆ ಬಿಡಬಹುದು. ಒಂದು ಪಾಠವೂ ತಪ್ಪುವುದಿಲ್ಲ. ಹಳ್ಳಗಳು ತುಂಬುವ ಎರಡು ತಿಂಗಳು ಮಾತ್ರ ಹುಡುಗಿಯರು ಉಳಿದುಕೊಳ್ಳಲು ಹಂಚು ಒಣಗಿಸುತ್ತಿದ್ದ ಹಳೆಯ ಪಡಸಾಲೆಗೆ ಗೋಡೆ ಹಾಕಬೇಕು. ಭರಮವ್ವ ಅಲ್ಲಿಯೇ ಮಲಗಲು ಒಪ್ಪಿದ್ದಳು. “ಮನ್ಯಾಗ ಗಂಡನ ಗೊರಕಿ ಕೇಳೂದಕ್ಕಿಂತ ಹುಡುಗ್ಯಾರ ಹರಟಿ ಚಲೋ” ಎಂದಿದ್ದಳಂತೆ.

ಡಿಸೆಂಬರಿನ ಹೊತ್ತಿಗೆ ಬರಹ ಒಂಬತ್ತು ಹಾಳೆಯಾಯಿತು. ಗುರುಪುತ್ರಪ್ಪನವರ ಮೊದಲ ಹಾಳೆ ಹೀಗೆ ಶುರುವಾಗುತ್ತಿತ್ತು: ‘ಕಾಲೇಜಿನ ವೇಳೆಯನ್ನು ಹನ್ನೆರಡರಿಂದ ನಾಲ್ಕು ಮಾಡಿದರೆ ನಲವತ್ತೊಂದು ವಿದ್ಯಾರ್ಥಿನಿಯರು ಪರೀಕ್ಷೆಗೆ ಕೂರುತ್ತಾರೆ.’ ಶಾಖೆಯ ಇಳಿಮುಖದ ಅಂಕಿಗಳು ಕೊನೆಯ ಹಾಳೆಯಲ್ಲಿದ್ದವು.

ನಾನು ಟೈಪು ಮಾಡುವ ಮೊದಲು ಪುಣೆಯ ಜ್ಞಾನವನ್ನು ಹೊರಗೆ ತೆಗೆದೆ.

“ಸರ್ರ, ಹಿಂಗಲ್ರಿ. ಮೊದಲ ರೋಗ ಹೇಳ್ಬೇಕು, ಆಮ್ಯಾಲ ಔಷಧ. ಹೆದರಿಕಿ ಹುಟ್ಟಿದ್ರನ ಅವರು ಮುಂದಿನ ಹಾಳಿ ತಿರುವ್ಯಾರು.”

“ಹೌದಂತೀ?”

“ಶಿಬಿರದಾಗ ಹೇಳಿಲ್ಲೇನ್ರಿ?”

ಶಿಬಿರದಲ್ಲಿ ಹಾಗೆ ಯಾರೂ ಹೇಳಿರಲಿಲ್ಲ. ಅವರು ನನ್ನ ಮುಖ ನೋಡಿದರು. ನಾನು ಕಲಿತವನು, ಬಿ.ಕಾಂ. ಮ್ಯಾಟ್ರಿಕ್ಕಿಗೆ ಓದು ನಿಂತವರು ಕಲಿತವರ ಮಾತನ್ನು ಎರಡು ಸಲ ಕೇಳಿ ಒಪ್ಪಿಬಿಡುತ್ತಾರೆ. ಕೊನೆಯ ಹಾಳೆ ಮೊದಲಿಗೆ ಬಂತು. ಅದರ ತಲೆಬರಹವನ್ನೂ ನಾನೇ ಕೊಟ್ಟೆ: ‘ಇದ್ದಂತೆಯೇ ಬಿಟ್ಟರೆ 1986ಕ್ಕೆ ಈ ಶಾಖೆ ನಿಲ್ಲುತ್ತದೆ.’ ಎಷ್ಟು ಚೆಂದದ ಸಾಲು ಎಂದು ನಾಲ್ಕು ಸಲ ಓದಿಕೊಂಡೆ.

ಮಾರ್ಚಿನಲ್ಲಿ ಆಡಳಿತ ಮಂಡಳಿಯ ಸಭೆ. ಕಾಗದಗಳನ್ನು ಮೊದಲೇ ಸದಸ್ಯರ ಮನೆಗೆ ಕಳಿಸುವ ರೂಢಿ ನಮ್ಮಲ್ಲಿರಲಿಲ್ಲ. ಅವಲಕ್ಕಿಯ ಬಶಿಯ ಬಾಜುವಿಗೆ ಕಾಗದ ಇಡುವುದು; ಅವಲಕ್ಕಿ ಮುಗಿದು ಚಹಾ ಬರುವುದರೊಳಗೆ ಅದನ್ನು ಓದಿ ಆಗಬೇಕು. ಚಹಾ ಬಂದಮೇಲೆ ಠರಾವು. ಹದಿನಾಲ್ಕು ಜನ ಸದಸ್ಯರಿಗೆ ಒಂಬತ್ತು ಹಾಳೆಯನ್ನೂ, ಹಾಳೆಗೊಂದು ಮೇಣದ ಸ್ಟೆನ್ಸಿಲ್ ಟೈಪು ಮಾಡಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಯಬೇಕಿತ್ತು. ಸ್ಟೆನ್ಸಿಲ್ ಇರಲಿಲ್ಲವೇ? ಅರ್ಧ ಡಬ್ಬಿ ಇತ್ತು. ಹೊತ್ತಿರಲಿಲ್ಲವೇ? ಎರಡು ದಿನವಿತ್ತು. ಆದರೆ ದೊಡ್ಡವರಿಗೆ ಒಂದೇ ಹಾಳೆ ಸಾಕು ಎಂಬ ಜ್ಞಾನ ನನ್ನಲ್ಲಿತ್ತು. ಮೊದಲ ಹಾಳೆಯೊಂದನ್ನೇ ಹದಿನಾಲ್ಕು ಪ್ರತಿ ತೆಗೆದು, ಕೆಳಗೆ ‘ವಿವರಗಳು ಕಾರ್ಯಾಲಯದಲ್ಲಿವೆ’ ಎಂದು ಸೇರಿಸಿದೆ. ಕುತೂಹಲ ಕೆರಳಿ ಅವರೇ ಉಳಿದದ್ದನ್ನು ಕೇಳುತ್ತಾರೆ ಎಂಬುದು ನನ್ನ ದೂರದ ವಿಚಾರ.

ಗುರುಪುತ್ರಪ್ಪನವರು ಆ ದಿನ ಇಸ್ತ್ರಿ ಮಾಡಿದ ಧೋತರ ಉಟ್ಟು ಬೆಳಗಿನ ರೈಲಿಗೇ ಬಂದು, ಸಭೆಯ ಕೋಣೆಯ ಹೊರಗಿನ ಬಾಕಿನ ಮೇಲೆ ಕುಳಿತಿದ್ದರು. ಹೆಂಡತಿ ಗಂಗಾದೇವಿ ಹಣೆಗೆ ವಿಭೂತಿ ಹಚ್ಚಿ ಕಳಿಸಿದ್ದರಂತೆ. ಒಳಗೆ ಚಹಾದ ಕಪ್ಪುಗಳ ಸಪ್ಪಳವಾಯಿತು. ಹತ್ತು ನಿಮಿಷಕ್ಕೆ ಅವರನ್ನು ಕರೆದರು. ಕಾಗದ ಹಿಡಿದು ನಾನು ಹಿಂದೆಯೇ ಹೋದೆ.

“ಬರ್ರಿ ಗುರುಪುತ್ರಪ್ಪ, ಬರ್ರಿ, ಕುಂದರ್ರಿ” ಎಂದರು ಚೇರ್ಮನ್ನರು. ಚೇರ್ಮನ್ನರ ಎದುರು ಗುರುಪುತ್ರಪ್ಪನವರು ಎಂದೂ ಕುಳಿತವರಲ್ಲ. “ಏನ ವಿಚಾರ ಮಾಡೀರ್ರೀ! ನಾಕ ವರ್ಷದ ಮುಂದಿಂದ ಇವತ್ತ ಕಾಣಾಕ ಹತ್ತೈತಿ. ಸಾಯೂ ಎತ್ತಿಗೆ ಮೇವು ಯಾಕ ಹಾಕ್ಬೇಕು? ಈ ಜೂನಿನಿಂದನ ಖಾನಾಪುರ ಬಂದ್ ಮಾಡೂದಂತ ಠರಾವ ಆತು.”

ಗುರುಪುತ್ರಪ್ಪನವರು ಕುರ್ಚಿಯ ತುದಿಯಿಂದ ಎದ್ದರು. “ಸಾಹೇಬ್ರ, ಇನ್ನೂ ಎಂಟ ಹಾಳಿ ಅದಾವ್ರಿ. ಅದ್ರಾಗ ಬಂದ್ ಆಗದಂಗ ಏನ ಮಾಡ್ಬೇಕಂತ—”

“ಇರ್ಲಿ, ಆಫೀಸಿನ್ಯಾಗ ಕೊಡ್ರಿ. ನಿಮ್ಮನ್ನ ಇಲ್ಲೇ ಕರಸ್ಕೋತೀವಿ. ಯೋಜನಾ ವಿಭಾಗಕ್ಕ. ಇಂಥಾ ತಲಿ ಹಳ್ಳ್ಯಾಗ ಇರಬಾರ್ದು.”

ಯಾರೋ ಚಪ್ಪಾಳೆ ತಟ್ಟಿದರು. ಮುಂದಿನ ವಿಷಯ ಬೆಳಗಾವಿ ಕಾಲೇಜಿನ ಕಂಪೌಂಡ್ ಗೋಡೆ. ಗುರುಪುತ್ರಪ್ಪನವರು ಹೊರಗೆ ಬಂದು ಬಾಕಿನ ಮೇಲೆ ಬಿಟ್ಟಿದ್ದ ಚೀಲ ತೆಗೆದುಕೊಂಡರು. ನಾನು ಏನಾದರೂ ಹೇಳಬೇಕಿತ್ತು. “ಸರ್ರ, ಬಡ್ತಿ ಆತಲ್ರಿ” ಎಂದೆ. ನನ್ನ ಬಾಯಿಗೆ ಬಂದದ್ದು ಅದು.

ಏಪ್ರಿಲಿನಲ್ಲಿ ಖಾನಾಪುರಕ್ಕೆ ಹೋಗಿ ನೂರಾ ಮೂವತ್ತೊಂದು ವರ್ಗಾವಣೆ ಪತ್ರಗಳನ್ನು ಟೈಪು ಮಾಡಿದವನು ನಾನೇ. ಗುರುಪುತ್ರಪ್ಪನವರು ಒಂದೊಂದೇ ಓದಿ, ಸೀಲು ಒತ್ತಿದರು. ಹುಡುಗಿಯರ ಪತ್ರ ಬಂದಾಗ ಸೀಲನ್ನು ಇಂಕಿನ ಪ್ಯಾಡಿಗೆ ಎರಡು ಸಲ ಒತ್ತುತ್ತಿದ್ದರು, ಅಕ್ಷರ ಮಾಸಬಾರದೆಂದು. ಕೊನೆಯ ದಿನ ಭರಮವ್ವ ಗಂಟೆಯ ಹತ್ತಿರ ನಿಂತು ಕೇಳಿದಳು.

“ಎಪ್ಪಾ, ಬಾರಸ್ಲೋ ಬ್ಯಾಡೋ?”

“ಯಾರಿಗೆ ಬಾರಸ್ತಿ?”

“ಹಂಗಲ್ಲ, ರೂಢಿ ಐತಿ. ಕೈ ಕೇಳೂದಿಲ್ಲ.”

ಬಾರಿಸಿದಳು. ಯಾರೂ ಹೊರಗೆ ಬರಲಿಲ್ಲ.

ನನ್ನ ಕೆಲಸ ಆ ಜುಲೈಯಲ್ಲಿ ಖಾಯಂ ಆಯಿತು. ಆದೇಶದಲ್ಲಿ ‘ಸಂಕ್ಷಿಪ್ತವಾಗಿ ಕಾಗದಪತ್ರ ಸಿದ್ಧಪಡಿಸುವ ಕೌಶಲ್ಯ’ ಎಂಬ ಮಾತಿತ್ತು. ಅದನ್ನು ಟೈಪು ಮಾಡುವಾಗ ಬೆರಳು ನಡುಗಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ನಡುಗಲಿಲ್ಲ. ಸಂಜೆ ಶಹಾಪುರದ ಕೋಣೆಯ ಗೆಳೆಯರಿಗೆ ಕುಂದಾ ತಿನ್ನಿಸಿದೆ.

ಯೋಜನಾ ವಿಭಾಗವೆಂದರೆ ಜಿನೆಯ ಮೆಟ್ಟಿಲುಗಳ ಕೆಳಗಿನ ಒಂದು ಮೇಜು. ಗುರುಪುತ್ರಪ್ಪನವರು ಖಾನಾಪುರದಿಂದ ದಿನಾ ರೈಲಿಗೆ ಬಂದು ಅಲ್ಲಿ ಕುಳಿತುಕೊಳ್ಳುತ್ತಿದ್ದರು. ಮೊದಲು ಮಾಸ್ತರರು ಬರುತ್ತಿದ್ದ ದಾರಿಯಲ್ಲಿ ಈಗ ಅವರು ಹಿಮ್ಮುಖವಾಗಿ ಬರುತ್ತಿದ್ದರು. ಕೆಲಸವೇನೂ ಇರಲಿಲ್ಲ. ಹಳೆಯ ರಿಜಿಸ್ಟರನ್ನು ತಂದಿಟ್ಟುಕೊಂಡು ಕೆಂಪು ಶಾಯಿಯ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದಿದ್ದರು: ‘ಹೋದ ದಾರಿ’. ರೈಲಿನಲ್ಲಿ, ಸಂತೆಯಲ್ಲಿ ಸಿಕ್ಕವರನ್ನು ಕೇಳಿ ಅದನ್ನು ತುಂಬುತ್ತಿದ್ದರು. ಒಂಬತ್ತು ಹುಡುಗಿಯರ ಮುಂದೆ ‘ಬೆಳಗಾವಿ’ ಎಂದಿತ್ತು. ಇಪ್ಪತ್ತಕ್ಕೂ ಹೆಚ್ಚು ಹೆಸರುಗಳ ಮುಂದೆ ‘ಲಗ್ನ’. ಹೀರಾಬಾಯಿಯ ಮುಂದೆ ‘ಇನ್ನೊಂದು ಹಂಚಿನ ಕಾರ್ಖಾನೆ, ಮಣ್ಣು ತುಳಿಯುವುದು’.

ಅದನ್ನು ನೋಡಿದ ದಿನ, ಎರಡು ವರ್ಷ ತಡವಾಗಿ, ನಾನು ಹೇಳಿದೆ. “ಸರ್ರ, ಆವತ್ತ ಕಮಿಟಿಗೆ ಒಂದ ಹಾಳಿ ಹೋಗಿತ್ರಿ. ಬಾಕಿ ಎಂಟ ನಾನ ತಗದಿರ್ಲಿಲ್ಲ.”

ಅವರು ಪೆನ್ನಿನ ಟೋಪಿ ಹಾಕಿದರು. “ಗೊತ್ತೈತಿ. ಸ್ಟೆನ್ಸಿಲ್ ಖರ್ಚ ಬರಿಯೂ ಬುಕ್ಕಿನ್ಯಾಗ ಆ ದಿನ ಒಂದ ಅಂತ ಬರದೀಯಲ್ಲ.”

“ನನಗ ಬೈರಿ ಸರ್ರ.”

“ಬೈದ್ರ ನಿನಗ ಹಗರ ಆಕ್ಕೈತಿ. ನನಗೇನ ಆಕ್ಕೈತಿ?” ರಿಜಿಸ್ಟರು ಮುಚ್ಚಿ ಅಂದರು, “ಮೊದಲ ಹಾಳಿ ಬದಲಿ ಮಾಡಾಕ ಒಪ್ಪಿದಾಂವ ನಾನು. ಹನ್ನೆರಡ ವರ್ಷ ಅವರ ಮುಂದ ಕಾಗದ ಇಟ್ಟೀನಿ. ಅವರು ಎಷ್ಟ ಓದ್ತಾರ ಅನ್ನೂದ ನನಗ ಗೊತ್ತಿರಲಿಲ್ಲೇನು?”

ನನಗೆ ಹಗುರವಾಗಲಿಲ್ಲ. ಅಷ್ಟರಮಟ್ಟಿಗೆ ಅವರ ಲೆಕ್ಕ ಸರಿಯಿತ್ತು.

1986ರ ಜನವರಿಯಲ್ಲಿ ಮತ್ತೆ ಶಿಬಿರ, ಹೊಸದಾಗಿ ಸೇರಿದ ಸಿಬ್ಬಂದಿಗೆ. ತಜ್ಞರು ಬೇರೆ, ಬೋರ್ಡಿನ ಮೇಲಿನ ಮಾತುಗಳು ಅವೇ. ದೂರದ ವಿಚಾರದ ಮಾದರಿಯೆಂದು ಹಂಚಲು ಚೇರ್ಮನ್ನರು ಗುರುಪುತ್ರಪ್ಪನವರ ಹಾಳೆಯ ಅರವತ್ತು ಪ್ರತಿ ಕೇಳಿದರು. ಈ ಸಲ ನಾನು ಒಂಬತ್ತು ಸ್ಟೆನ್ಸಿಲ್ ಟೈಪು ಮಾಡಿದೆ. ಎರಡು ದಿನ ಕೈಯೆಲ್ಲ ಕರಿ ಮಾಡಿಕೊಂಡು ಒಂಬತ್ತೂ ಹಾಳೆಗಳನ್ನು ಜೋಡಿಸಿ, ಪಿನ್ನು ಚುಚ್ಚಿ, ಪ್ರತಿಯೊಂದು ಕುರ್ಚಿಯ ಮೇಲೂ ಇಟ್ಟೆ. ಗುರುಪುತ್ರಪ್ಪನವರಿಗೆ ಅದು ನಿವೃತ್ತಿಯ ತಿಂಗಳು. ಹಿಂದಿನ ಸಾಲಿನಲ್ಲಿ ಕುಳಿತಿದ್ದರು.

ಚೇರ್ಮನ್ನರು ಮೊದಲ ಹಾಳೆಯನ್ನು ಎತ್ತಿ ಹಿಡಿದರು. “ನೋಡ್ರಿ, 1986ಕ್ಕ ಶಾಖಾ ನಿಲ್ತೈತಿ ಅಂತ ಈ ಮನಶಾ ನಾಕ ವರ್ಷದ ಹಿಂದ ಬರದಾರ. ಇವತ್ತ 1986. ಶಾಖಾ ಐತೇನು? ಇಲ್ಲ!”

ಸಭೆ ಚಪ್ಪಾಳೆ ಹೊಡೆಯಿತು. ಹೊಸಬರು ಹಿಂದೆ ತಿರುಗಿ ಅವರನ್ನು ನೋಡಿದರು. ಗುರುಪುತ್ರಪ್ಪನವರು ಎದ್ದು ಕೈಮುಗಿದು ಕುಳಿತರು. ಎಂಟು ಹಾಳೆಗಳ ಮಾತು ಎತ್ತಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ ನಾವಿಬ್ಬರೂ ಕುರ್ಚಿಗಳ ಮೇಲಿದ್ದ ಪ್ರತಿಗಳನ್ನು ಆರಿಸಿದೆವು. ಕೆಲವನ್ನು ಒಯ್ದಿದ್ದರು. ನಲವತ್ತರ ಮೇಲೆ ಉಳಿದಿದ್ದವು. ಯಾರಾದರೂ ಹಾಳೆ ತಿರುವಿ ಪಿನ್ನಿನ ಹತ್ತಿರ ಮಡಿಕೆ ಬಿದ್ದ ಒಂದಾದರೂ ಪ್ರತಿ ಇದೆಯೇ ಎಂದು ನಾನು ತಿರುವಿ ತಿರುವಿ ನೋಡಿದೆ. ಎಲ್ಲ ಹೊಸದಾಗಿಯೇ ಇದ್ದವು. ಅವರು ನೋಡಲಿಲ್ಲ. ರಾಶಿಯ ಅಂಚುಗಳನ್ನು ಮೇಜಿಗೆ ತಟ್ಟಿ ಸಮ ಮಾಡಿ, ನನ್ನ ಕೈಗೆ ಕೊಟ್ಟರು.

“ಬೆನ್ನ ಬದಿ ಖಾಲಿ ಅದಾವ ತಮ್ಮಾ. ಕಚ್ಚಾ ಬರಿಯಾಕ ಆಕ್ಕಾವ, ಇಟ್ಕೋ.”

ಚೀಲ ಹೆಗಲಿಗೇರಿಸಿ ಸ್ಟೇಶನ್ನಿನ ಕಡೆ ನಡೆದರು. ಅವರ ರೈಲಿಗೆ ಇನ್ನೂ ಮೂರು ತಾಸು ಇತ್ತು.