ಉಳ್ಳಾಗಡ್ಡಿ ಹೊಲದಲ್ಲಿ ಉಳಿದ ಜೇಕು

ಮೊಮ್ಮಗಳು ಹುಟ್ಟಿದ ಮೇಲೆ ನನಗೆ ನಮ್ಮ ಹೊಲ ಬಹಳ ದೂರವಾಯಿತು. ಹೊಲ ಇದ್ದಲ್ಲೇ ಇದೆ, ನ್ಯಾಲ್ಕಲ್ ರಸ್ತೆಯ ಬದಿಗೆ. ಆದರೆ ಮಗಳು ಬಾಣಂತನಕ್ಕೆ ಬಂದು, ಆ ಕೂಸು ನನ್ನ ತೊಡೆಯ ಮೇಲೆ ಮಲಗಿ ಬಾಯಿ ಚಪ್ಪರಿಸುವುದನ್ನು ನೋಡಿದ ಮೇಲೆ ಎದ್ದು ಹೋಗಲು ಕಾಲೇ ಬರಲಿಲ್ಲ. ಅದರ ಕಿವಿ ನೋಡಿದಿರಾ ಎಂದು ಬಂದವರನ್ನೆಲ್ಲ ಕೇಳುತ್ತಿದ್ದೆ. ಕಿವಿ ಎಲ್ಲ ಕೂಸುಗಳಿಗೂ ಇರುತ್ತವೆ ಎಂದ ಮಗ. ಅವನಿಗೇನು ತಿಳಿಯುತ್ತದೆ.

ಅದೇ ಹೊತ್ತಿಗೆ ಉಳ್ಳಾಗಡ್ಡಿಯಲ್ಲಿ ಕಸ ಎದ್ದಿತು. ಉಳ್ಳಾಗಡ್ಡಿಯ ಎಲೆ ಸೂಜಿಯಂತೆ ನಿಂತಿರುತ್ತದೆ, ನೆಲಕ್ಕೆ ನೆರಳು ಬೀಳುವುದಿಲ್ಲ. ಕಸಕ್ಕೆ ಅಷ್ಟೇ ಸಾಕು. ಬೇಗ ಕಿತ್ತು ಹಾಕದಿದ್ದರೆ ಗಡ್ಡೆ ಗೋಲಿಯಷ್ಟಾಗಿ ನಿಲ್ಲುತ್ತದೆ. ನಾವು ಓಣಿಯ ಹೆಂಗಸರು ಈ ಕೆಲಸವನ್ನು ಮುಯ್ಯಾಳಿನಲ್ಲಿ ಮಾಡುತ್ತೇವೆ. ಇವತ್ತು ನಿನ್ನ ಹೊಲದಲ್ಲಿ ನಾನು ಕಸ ತೆಗೆಯುವ ಕುರ್ಪಿ ಹಿಡಿದರೆ ನಾಳೆ ನನ್ನ ಹೊಲದಲ್ಲಿ ನೀನು. ಕೂಲಿ ಇಲ್ಲ. ಒಂದೇ ಕಟ್ಟಳೆ: ಹೊಲದವಳು ಮುಂದಿನ ಸಾಲು ಹಿಡಿದು ಕೂರಬೇಕು. ಮಗಳಿಗೆ ದಿನ ತುಂಬುವ ಮೊದಲೇ ನಾನು ಎಲ್ಲರ ಹೊಲಕ್ಕೂ ಹೋಗಿ ಬಂದಿದ್ದೆ. ಈಗ ಅವರು ನನ್ನ ಹೊಲಕ್ಕೆ ಬರುವ ಸರದಿ. ಬಂದರೆ ಕೂಸನ್ನು ಬಿಟ್ಟು ನಾನೂ ಹೋಗಬೇಕು.

ಮಗ ಬಹಳ ದಿನಗಳಿಂದ ಕಸಕ್ಕೆ ಎಣ್ಣೆ ಹೊಡೆಯೋಣ ಅನ್ನುತ್ತಿದ್ದ. ಕಸ ಸಾಯಿಸುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಮಣ್ಣು ಕೆಡುತ್ತದೆ, ಪಲ್ಯದ ಸೊಪ್ಪು ಸಾಯುತ್ತದೆ ಎಂದು ನಾನು ಪ್ರತಿ ಸಲವೂ ಬೈದು ಕಳಿಸುತ್ತಿದ್ದೆ. ಈ ಸಲ ಅವನು ಕೇಳುವುದಕ್ಕೆ ಮೊದಲೇ ಹೂಂ ಅಂದೆ. ತನ್ನ ಮಾತು ಕೊನೆಗೂ ಅವ್ವನ ತಲೆಗೆ ಹೋಯಿತೆಂದು ಅವನು ಎದೆಯುಬ್ಬಿಸಿಕೊಂಡು ಜಹೀರಾಬಾದಿಗೆ ಹೋದ.

ಬೆನ್ನಿಗೆ ಡಬ್ಬಿ ಕಟ್ಟಿಕೊಂಡು, ಬಾಯಿಗೆ ಟವಲ್ ಸುತ್ತಿಕೊಂಡು ಅವನೇ ಹೊಡೆದ. ಕೆಲವೇ ದಿನಗಳಲ್ಲಿ ಅಗಲ ಎಲೆಯ ಕಸವೆಲ್ಲ ಸುಟ್ಟು ಮಲಗಿತು. ಉಳ್ಳಾಗಡ್ಡಿಯ ಎಲೆಯ ಮೇಲೂ ಬಿಳಿ ಚುಕ್ಕಿ ಬಿದ್ದವು. ಮಗ ಊಟ ಬಿಟ್ಟ. ಹೊಸ ಎಲೆ ಚೆನ್ನಾಗಿಯೇ ಬರುತ್ತದೆ ಎಂದು ಎಣ್ಣೆ ಕೊಟ್ಟ ಅಂಗಡಿಯವರು ಫೋನಿನಲ್ಲಿ ಹೇಳಿದ ಮೇಲೆ ಮತ್ತೆ ರೊಟ್ಟಿ ಮುರಿದ. ನಾನು ಕೂಸಿನ ಕಿವಿ ನೋಡುತ್ತ ಸುಖವಾಗಿದ್ದೆ.

ತೊಟ್ಟಿಲ ಕಾರ್ಯಕ್ಕೆ ಕರೆಯಲು ಓಣಿಗೆ ಹೊರಟಾಗ ಆ ಸುಖ ಮುಗಿಯಿತು. ಯಾರೂ ಬರುವುದಿಲ್ಲ ಅನ್ನಲಿಲ್ಲ. ಒಬ್ಬಳಿಗೆ ತಲೆನೋವಂತೆ, ಒಬ್ಬಳಿಗೆ ತವರಿಗೆ ಹೋಗುವುದಿದೆಯಂತೆ. ನಮ್ಮಲ್ಲಿ ಹಾಡು ಎತ್ತುವವಳು ಪಕ್ಕದ ಮನೆಯ ಅಕ್ಕ, ನನಗಿಂತ ಹಿರಿಯಳು. ಅವಳೊಬ್ಬಳೇ ಬಾಯಿಬಿಟ್ಟು ಹೇಳಿದಳು:

"ನಿನ್ನ ಮುಯ್ಯಿ ನಮ್ಮ ತಲಿ ಮ್ಯಾಲೇ ಉಳೀತು, ತಂಗಿ. ತೀರಸಾಕ ಹೊಲದಾಗ ಕಸಾನೇ ಇಡಲಿಲ್ಲ ನೀ. ಇನ್ನ ಯಾವ ಮಾರಿ ಇಟ್ಕೊಂಡು ನಿನ್ನ ಮನಿಗಿ ಬರೂದು? ಆ ಎಣ್ಣೀನೇ ಕರಿ, ಅದೇ ಬಂದು ಹಾಡ್ತದ."

ಹೆಂಗಸರು ಕೂಡಿ ಹಾಡದೆ ಕೂಸನ್ನು ತೊಟ್ಟಿಲಿಗೆ ಹಾಕುವುದು ಹೇಗೆ? ಬೀಗರು ತಾಂಡೂರಿನ ಕಡೆಯಿಂದ ಜೀಪು ಮಾಡಿಕೊಂಡು ಬರುವವರು. ಖಾಲಿ ಪಡಸಾಲೆ ನೋಡಿ, ಈ ಮನೆಗೆ ಜನವೇ ಇಲ್ಲವೆಂದು ನನ್ನ ಮಗಳನ್ನು ಆಡಿಕೊಂಡರೆ? ಮಗನಿಗೆ ಹೇಳಿದೆ. ಅವನು ಧೈರ್ಯ ಕೊಟ್ಟ. ಜೋಗುಳವೆಲ್ಲ ಮೊಬೈಲಿನಲ್ಲೇ ಸಿಗುತ್ತದಂತೆ, ದೊಡ್ಡ ಸ್ಪೀಕರ್ ತರುತ್ತಾನಂತೆ. ಕಸಕ್ಕೊಂದು ಬಾಟಲಿ, ಜೋಗುಳಕ್ಕೊಂದು ಡಬ್ಬಿ. ಇನ್ನು ಅಜ್ಜಿಯ ಬದಲು ಏನು ತರುತ್ತಾನೋ ಎಂದುಕೊಂಡೆ.

ಮನಸ್ಸು ತಡೆಯದೆ ಹೊಲಕ್ಕೆ ಹೋದೆ. ಹೋಗಿ ನೋಡಿದರೆ ಸುಟ್ಟ ಕಸದ ನಡುವೆ ಜೇಕು ಹಸಿರಾಗಿ ನೆಟ್ಟಗೆ ನಿಂತಿದೆ! ಜೇಕಿನ ಹುಲ್ಲಿಗೆ ಮಣ್ಣಿನೊಳಗೆ ಸಣ್ಣ ಗಡ್ಡೆ ಇರುತ್ತದೆ, ಅದಕ್ಕೆ ಈ ಎಣ್ಣೆ ನಡೆಯುವುದಿಲ್ಲವೆಂದು ಅಂಗಡಿಯವರು ಮೊದಲೇ ಹೇಳಿದ್ದರಂತೆ. ಮಗ ನಾಚಿಕೆಗೆ ನನಗೆ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ನಾನು ಬೈದು ಕಿತ್ತ ಕಸ ಅದು. ಅವತ್ತು ಅದರ ಮುಂದೆ ಕೈ ಮುಗಿಯುವುದೊಂದು ಬಾಕಿ. ಒಂದು ಹಿಡಿ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಅಕ್ಕನ ಮನೆಗೆ ಓಡಿದೆ.

"ಯಕ್ಕಾ, ಎಣ್ಣಿಗಿ ಇದು ಬಗ್ಗಿಲ್ಲ. ನೀವೇ ಬರಬೇಕು."

ಅವಳು ಜೇಕಿನ ಗಡ್ಡೆ ಹಿಚುಕಿ ನೋಡಿದಳು. "ಹೊಲ ತುಂಬಾ ಅದ ಏನ?"

"ಕಾಲಿಡಾಕ ಜಾಗ ಇಲ್ಲ," ಅಂದೆ. ಇದ್ದದ್ದು ಅಲ್ಲೊಂದು ಇಲ್ಲೊಂದು.

"ಮುಂದಿನ ಸಾಲು ಯಾರು ಹಿಡೀತಾರ?"

"ನಾನೇ."

ಓಣಿಯವರಿಗೆಲ್ಲ ಬಿಡುವಿದ್ದದ್ದು ತೊಟ್ಟಿಲ ದಿನ ಮುಂಜಾನೆ ಮಾತ್ರವಂತೆ. ಕೂಸಿನ ಹತ್ತಿರ ಕೂರುವುದಕ್ಕೆಂದು ಎಣ್ಣೆ ಹೊಡೆಸಿದವಳು ನಾನು, ಅದರ ತೊಟ್ಟಿಲ ದಿನವೇ ಕುರ್ಪಿ ಹಿಡಿದು ಹೊಲದಲ್ಲಿ ಕೂತೆ. ತಲೆನೋವಿನವಳೂ ಬಂದಳು, ತವರಿಗೆ ಹೋಗುವವಳೂ ಬಂದಳು. ಜೇಕು ಬೇಗನೆ ಮುಗಿಯಿತು. ಇನ್ನು ಸಾಕು, ಏಳಿರೆಂದೆ. ಯಾರೂ ಏಳಲಿಲ್ಲ. ಅರೆಬರೆ ಮುಯ್ಯಿ ತೀರಿಸುವ ಮಂದಿ ತಾವಲ್ಲವಂತೆ. ಕಸವಿಲ್ಲದ ಸಾಲುಗಳಲ್ಲಿ ಸುಮ್ಮನೆ ಮಣ್ಣು ಸಡಿಲಿಸುತ್ತ, ನನ್ನ ಚಡಪಡಿಕೆ ನೋಡಿ ನಗುತ್ತ, ಬಿಸಿಲು ನೆತ್ತಿಗೇರುವ ತನಕ ಕೂತರು.

ಮನೆಗೆ ಬಂದಾಗ ಜೀಪು ಅಂಗಳದಲ್ಲಿ ನಿಂತಿತ್ತು, ಸ್ಪೀಕರ್ ಒಂದೇ ಸಮನೆ ಕಿರುಚುತ್ತಿತ್ತು. ಅಕ್ಕ ಕಾಲು ತೊಳೆದು ಒಳಗೆ ಬಂದು, ಮೊದಲು ಅದರ ವೈರು ಕಿತ್ತಳು. ಆಮೇಲೆ ಹಾಡು ಎತ್ತಿದಳು. ಉಳಿದವರು ದನಿ ಕೂಡಿಸಿದರು. ಬೀಗಿತ್ತಿ ಜಾಗ ಸಾಲದೆ ಗೋಡೆಗೆ ಒತ್ತಿ ಕೂತರು. ಅದನ್ನು ನೋಡಿ ನನಗಾದ ಸಂತೋಷ ಹೇಳತೀರದು. ಕೂಸನ್ನು ಮಲಗಿಸಲು ಅಕ್ಕ ಬಗ್ಗಿದಾಗ ಅದು ಅವಳ ಬೆರಳು ಹಿಡಿದು ಬಿಡಲೇ ಇಲ್ಲ. ಬಿಡಿಸಲು ನಾನು ಕೈ ಚಾಚಿದೆ. ಸುಮ್ಮನಿರು ಎಂದು ಕಣ್ಣಲ್ಲೇ ಗದರಿಸಿ, ಬಗ್ಗಿದ ಸೊಂಟದಲ್ಲೇ ನಿಂತು ಅವಳು ಇನ್ನೊಂದು ಹಾಡು ಎತ್ತಿದಳು.